ಎರೆಮಣ್ಣಿನ ನೀಲಿ

ನಾನು ಬರೆದ ಚಿತ್ರಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ಇಟ್ಟರೆ ಮೂರು ಬಗೆಯವು ಕಾಣುತ್ತವೆ. ಮಲ್ಪೆ, ಕಾರವಾರದ ಕಡಲ ದಂಡೆಗಳು. ಗಾಣಗಾಪುರದಿಂದ ಕಟ್ಟಿಸಂಗಾವಿಯವರೆಗಿನ ಭೀಮಾ ನದಿಯ ದಡ. ಜೇವರ್ಗಿಯ ನಮ್ಮ ಮನೆಯ ಹಿತ್ತಲು. ನೋಡಲು ಬಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಮಾತು: ಬಿಸಿಲ ನಾಡಿನಲ್ಲಿ ಹುಟ್ಟಿ ಬೆಳೆದವರ ಕುಂಚಕ್ಕೆ ಇಷ್ಟೊಂದು ನೀಲಿ ಎಲ್ಲಿಂದ ಬಂತು? ಕಡಲು ನೋಡಿದ ಮೇಲೆ ಬಂತು ಎಂದು ಒಂದು ಕಾಲಕ್ಕೆ ಹೇಳುತ್ತಿದ್ದೆ. ವಯಸ್ಸು ಐವತ್ತು ದಾಟಿದ ಮೇಲೆ ಆ ಉತ್ತರ ನನಗೇ ಸಾಲದಾಗಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಕಳೆದ ವರ್ಷಗಳನ್ನೂ ಆ ವರ್ಷಗಳಲ್ಲಿ ಬದಲಾಗುತ್ತ ಬಂದ ನನ್ನ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಸ್ವಲ್ಪ ಉದ್ದವೇ ಆಗುತ್ತದೆ.

ಜೇವರ್ಗಿಯ ನಮ್ಮ ಮನೆಯ ನೆಲವೆಲ್ಲ ಶಹಾಬಾದ ಫರಸಿ. ಪಡಸಾಲೆಗೆ, ಕಟ್ಟೆಗೆ, ಬಚ್ಚಲಿಗೆ, ಹಿತ್ತಲ ಗೋಡೆಗೆ ಕೂಡ ಅದೇ ಕಲ್ಲು. ಒಣಗಿದಾಗ ಅದರದು ಬೂದಿ ಬಣ್ಣ. ಬೇಸಿಗೆಯ ಸಂಜೆ ಅವ್ವ ಕೊಡಗಟ್ಟಲೆ ನೀರು ಸುರುವಿ ಕಸಬರಿಗೆಯಿಂದ ತಳ್ಳಿಕೊಂಡು ಹೋಗುವಾಗ ನೀರು ತಾಗಿದ ಕಡೆಯೆಲ್ಲ ಕಲ್ಲು ನೀಲಿಗೆ ತಿರುಗುತ್ತಿತ್ತು. ದಿನವಿಡೀ ಕಾದ ನೆಲ ಸಣ್ಣಗೆ ಹಬೆ ಬಿಡುತ್ತಿತ್ತು. ಅಂಚುಗಳು ಮೊದಲು ಒಣಗಿ ಬೂದಿಯಾಗುತ್ತಿದ್ದವು, ನಡುವೆ ಉಳಿದ ತೇವದ ಆಕಾರ ಕುಗ್ಗುತ್ತ ಕುಗ್ಗುತ್ತ ಹೋಗುತ್ತಿತ್ತು. ಹೊಸ್ತಿಲ ಮೇಲೆ ಕೂತು ಅದು ಪೂರ್ತಿ ಆರುವವರೆಗೆ ನೋಡುವುದು ನನ್ನ ಬಾಲ್ಯದ ಆಟ.

ಆ ಕಲ್ಲಿನ ಪೂರ್ವಕತೆಯನ್ನು ಬಹಳ ತಡವಾಗಿ, ಭೂಗರ್ಭಶಾಸ್ತ್ರ ಓದಿದ ಗೆಳೆಯನಿಂದ ತಿಳಿದೆ. ಶಹಾಬಾದ, ವಾಡಿ, ಸೇಡಂ ಕಡೆಯ ಸುಣ್ಣಕಲ್ಲು ಆಳವಿಲ್ಲದ ಒಂದು ಪುರಾತನ ಕಡಲಿನ ತಳದಲ್ಲಿ ಪದರಿನ ಮೇಲೆ ಪದರು ಕೂತ ಕೆಸರು. ಗಣಿಯಲ್ಲಿ ಕಲ್ಲು ಹಲಗೆ ಹಲಗೆಯಾಗಿ ಏಳುವುದು ಅದಕ್ಕೇ. ಭೂಮಿಯ ಮೇಲೆ ಡೈನೋಸಾರುಗಳು ಓಡಾಡುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲಿನ ಮಾತು ಅದು. ಇಂದಿಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಲಾವಾ ಹರಿದು ಕಪ್ಪು ಕಲ್ಲಾಯಿತು. ಆಳಂದದ ಕಡೆ ಬಾವಿ ತೋಡಿದರೆ ಸಿಗುವುದು ಆ ಕಲ್ಲು. ಅದೇ ಸವೆದು ಪುಡಿಯಾಗಿ ನಮ್ಮ ಎರೆಮಣ್ಣಾಯಿತು. ಹಾಗಾಗಿ ನಾನು ಕಾಲಿಟ್ಟು ಬೆಳೆದದ್ದು ಕಡಲ ತಳದ ಮೇಲೆ, ಅವ್ವ ದಿನಾ ಸಂಜೆ ತೊಳೆಯುತ್ತಿದ್ದದ್ದು ಆ ಕಡಲನ್ನೇ. ಇದು ತಿಳಿದ ದಿನ ನಾನು ಮನೆಗೆ ಬಂದು ನೆಲಕ್ಕೆ ನೀರು ಹಾಕಿ ಬಹಳ ಹೊತ್ತು ಕೂತಿದ್ದೆ.

ಶಾಲೆಯಲ್ಲಿ ಮಾತ್ರ ನಾವು ಬರೆಯುತ್ತಿದ್ದ ಚಿತ್ರ ಬೇರೆಯದು. ಅದಕ್ಕೆ ಸೀನರಿ ಎಂದು ಹೆಸರು. ಎರಡು ತ್ರಿಕೋನ ಗುಡ್ಡ, ಅವುಗಳ ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಡದಲ್ಲಿ ಬಾಗಿದ ತೆಂಗಿನ ಮರ, ಒಂದು ಗುಡಿಸಲು. ಸೂರ್ಯನನ್ನು ಬಿಟ್ಟರೆ ಅದರಲ್ಲಿ ನಮ್ಮ ತಾಲೂಕಿನದು ಏನೂ ಇರಲಿಲ್ಲ. ನಮ್ಮಲ್ಲಿ ಗುಡ್ಡವಿಲ್ಲ. ತೊಗರಿ, ಜೋಳ, ಕುಸುಬೆಯ ಹೊಲ ಆಕಾಶದ ಅಂಚಿನವರೆಗೆ ಹೋಗುತ್ತದೆ. ನಡುನಡುವೆ ಬೇವು, ಜಾಲಿ. ಇದನ್ನು ಚಿತ್ರವಾಗಿ ಬರೆಯಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ. ಚೆಂದ ಎನ್ನುವುದು ಬೇರೆ ಎಲ್ಲೋ ಇದೆ, ನಾವು ಅದನ್ನು ನೋಡಿ ಬರೆಯಬೇಕು ಎಂಬ ಭಾವನೆ ಆ ಸೀನರಿಯ ಜೊತೆಗೇ ಮನಸ್ಸಿಗೆ ಇಳಿಯುತ್ತಿತ್ತು.

ಆ ಭಾವನೆ ಸಡಿಲಾದದ್ದು ಕಲಬುರಗಿಯಲ್ಲಿ ಚಿತ್ರಕಲೆ ಕಲಿಯಲು ಸೇರಿದಾಗ. ಆಗಿನ ಗುಲಬರ್ಗಾದಲ್ಲಿ ಎಸ್.ಎಂ. ಪಂಡಿತರ ಹೆಸರು ಗಾಳಿಯಲ್ಲಿತ್ತು. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಶಂಕರರಾವ ಆಳಂದಕರ ಅವರ ಹತ್ತಿರ ಮೊದಲ ಪಾಠ ಕಲಿತು, ಮದರಾಸು, ಮುಂಬಯಿ ಸೇರಿ, ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ದೇಶದ ಮನೆಮನೆಯ ಗೋಡೆಗೆ ಹೋದವರು ಅವರು. ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರಕ್ಕೆ ವಿವೇಕಾನಂದರ ಆಳೆತ್ತರದ ಚಿತ್ರ ಬರೆದುಕೊಟ್ಟವರೂ ಅವರೇ. ಮೂರು ಕಡಲು ಕೂಡುವ ಜಾಗದಲ್ಲಿರುವ ಚಿತ್ರವನ್ನು ಹನಿ ನೀರಿಗೆ ಬಾಯಿಬಿಡುವ ನಮ್ಮ ನೆಲದ ಮನುಷ್ಯ ಬರೆದ ಎಂಬುದು ಆ ವಯಸ್ಸಿನ ನಮಗೆ ಹೇಳತೀರದ ಧೈರ್ಯ ಕೊಡುತ್ತಿತ್ತು. 1993ರ ಮಾರ್ಚಿನಲ್ಲಿ ಅವರು ತೀರಿಕೊಂಡಾಗ ನಾವಿನ್ನೂ ವಿದ್ಯಾರ್ಥಿಗಳು. ಇಂದು ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರಿದೆ. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನನಗೆ ಆ ದಿನಗಳು ನೆನಪಾಗುತ್ತವೆ.

ಲ್ಯಾಂಡ್‌ಸ್ಕೇಪ್ ಕಲಿಸುತ್ತಿದ್ದ ನಮ್ಮ ಗುರುಗಳು ಮೊದಲ ದಿನವೇ ಕಪ್ಪು ಬಣ್ಣದ ಟ್ಯೂಬನ್ನು ಪೆಟ್ಟಿಗೆಯಿಂದ ತೆಗೆಸಿದರು. "ಕರಿ ಟ್ಯೂಬ್ ಮನ್ಯಾಗ ಇಟ್ಟು ಬಾ. ಎರಿ ಹೊಲ ಕರ್ರಗ ಅದ ಅಂತ ನಿನಗ ಯಾರು ಹೇಳ್ಯಾರ? ನೋಡಿ ಹೇಳು" ಅಂದರು. ಊರ ಹೊರಗಿನ ಹೊಲದ ಬದುವಿನ ಮೇಲೆ ಕೂರಿಸಿ, ಅಲ್ಟ್ರಾಮರೀನ್ ಬ್ಲೂ ಮತ್ತು ಬರ್ನ್ಟ್ ಅಂಬರ್ ಎರಡನ್ನೇ ತಟ್ಟೆಗೆ ಹಾಕಿಸಿದರು. ಕಡು ನೀಲಿಗೆ ಸುಟ್ಟ ಕಂದು ಸೇರಿದರೆ ಕಪ್ಪು ಹುಟ್ಟುತ್ತದೆ, ಟ್ಯೂಬಿನ ಕಪ್ಪಿಗಿಂತ ಜೀವವಿರುವ ಕಪ್ಪು. ಮಳೆ ಬಿದ್ದ ಮರುದಿನದ ಹೊಲಕ್ಕೆ ನೀಲಿ ಹೆಚ್ಚು ಬೇಕು. ಏಪ್ರಿಲ್ ಮಧ್ಯಾಹ್ನ ಬಿರುಕು ಬಿಟ್ಟ ಹೊಲಕ್ಕೆ ಕಂದು ಹೆಚ್ಚು, ನೀರು ಹೆಚ್ಚು. ನೇಗಿಲು ಹೊಡೆದ ಸಾಲಿನ ಒಂದು ಮಗ್ಗುಲು ನೀಲಿ, ಬಿಸಿಲು ಬೀಳುವ ಮಗ್ಗುಲು ಕಂದು. ಒಂದೇ ಹೊಲ ಒಂದೇ ದಿನದಲ್ಲಿ ಈ ಎರಡು ಬಣ್ಣಗಳ ನಡುವೆ ಓಡಾಡುವುದನ್ನು ಕಂಡ ಮೇಲೆ ನಮ್ಮ ನೆಲ ಬರಡು, ಅದರಲ್ಲಿ ನೋಡುವುದೇನಿದೆ ಎನ್ನುವ ಮಾತು ನನ್ನ ಬಾಯಿಂದ ಮತ್ತೆ ಬರಲಿಲ್ಲ.

ಕಡಲನ್ನು ಮೊದಲು ಕಂಡದ್ದು ಕೋರ್ಸಿನ ಕೊನೆಯ ವರ್ಷ, ಗೆಳೆಯರ ಜೊತೆ ಉಡುಪಿಗೆ ಹೋದಾಗ. ಹೋಗುವ ಮೊದಲೇ ಕೆ.ಕೆ. ಹೆಬ್ಬಾರರ ಚಿತ್ರಗಳ ಅಚ್ಚುಗಳನ್ನು ನೋಡಿದ್ದೆ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದವರು ಅವರು. ತುಳುನಾಡನ್ನು ಬಿಟ್ಟು ಅಷ್ಟು ವರ್ಷವಾದರೂ ಕೋಳಿ ಅಂಕ, ಯಕ್ಷಗಾನ ಅವರ ಕುಂಚವನ್ನು ಬಿಡಲಿಲ್ಲ. ವರ್ಷ ಕಳೆದಂತೆ ಅವರ ಚಿತ್ರಗಳಲ್ಲಿ ವಿವರ ಕಡಿಮೆಯಾಯಿತು, ಲಯ ಹೆಚ್ಚಾಯಿತು. ಹುಟ್ಟೂರಿನಿಂದ ದೂರ ಕೂತು ಬರೆದವನ ಚಿತ್ರದಲ್ಲಿ ಊರು ತೆಳುವಾಗುವ ಬದಲು ಗಟ್ಟಿಯಾಗುವುದು ಹೇಗೆ ಎಂಬ ಪ್ರಶ್ನೆಯನ್ನು ನಾನು ಅವರಿಂದ ಎತ್ತಿಕೊಂಡೆ.

ಮಲ್ಪೆಯ ದಂಡೆಯಲ್ಲಿ ಹಾಳೆ ಬಿಡಿಸಿ ಕೂತ ಮೇಲೆ ಕಲಿತದ್ದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಜಲವರ್ಣ ಬಳಸುವುದೆಂದರೆ ಓಟ. ಕುಂಚ ಎತ್ತುವುದರೊಳಗೆ ಹಾಳೆ ಆರುತ್ತದೆ, ಎರಡನೇ ಬಣ್ಣ ಹಚ್ಚುವಾಗ ಮೊದಲನೆಯದರ ಅಂಚು ಗೆರೆಯಾಗಿ ನಿಂತಿರುತ್ತದೆ. ಮಲ್ಪೆಯಲ್ಲಿ ಹಾಳೆ ಆರುವುದೇ ಇಲ್ಲ. ಗಾಳಿಯಲ್ಲೇ ನೀರು. ಆಕಾಶಕ್ಕೆ ಹಚ್ಚಿದ ನೀಲಿ ತಾನಾಗಿ ಇಳಿದು ಕಡಲಿನೊಳಗೆ ಹೋಯಿತು, ಕಡಲು ಮರಳಿಗೆ ಹರಿಯಿತು. ತಡೆಯಲು ಹೋದಷ್ಟೂ ಕಲಸಿತು. ಕೊನೆಗೆ ಕೈ ಬಿಟ್ಟು, ಹಾಳೆಯನ್ನು ಓರೆಯಾಗಿ ಹಿಡಿದು, ಬಣ್ಣ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ನಿಲ್ಲಲಿ ಎಂದು ಕೂತೆ. ಕಾಯುವುದು ಚಿತ್ರ ಬರೆಯುವುದರ ಒಂದು ಭಾಗ ಎಂದು ನನ್ನ ಕೈಗೆ ತಿಳಿದದ್ದು ಆ ಹೊತ್ತು. ಅಲ್ಲಿಯವರೆಗೆ ನನ್ನ ಸ್ವಭಾವವೂ ನಮ್ಮ ಬಿಸಿಲಿನ ಹಾಗೆಯೇ ಇತ್ತು, ಎಲ್ಲವೂ ಕೂಡಲೇ ಆಗಬೇಕು.

ಬಲೆ ಒಣಹಾಕುತ್ತಿದ್ದ ಒಬ್ಬ ಹೆಂಗಸು ಹತ್ತಿರ ಬಂದು, "ಎಂತ ಬರೀತಾ ಇದ್ದೀರಿ? ಇದ್ರಲ್ಲಿ ದೋಣಿ ಎಲ್ಲುಂಟು?" ಎಂದು ಕೇಳಿದರು. ನಾನು ದೋಣಿ ಬರೆದಿರಲಿಲ್ಲ, ತೆಂಗಿನ ಮರವನ್ನೂ ಬರೆದಿರಲಿಲ್ಲ. ತೆರೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ತೇವವನ್ನು, ಅದು ಅಂಚಿನಿಂದ ಆರುತ್ತ ಬರುವುದನ್ನು ಬರೆದಿದ್ದೆ. ಯಾಕೆ ಅದನ್ನೇ ಬರೆದೆನೆಂದು ಆಗ ಹೊಳೆಯಲಿಲ್ಲ. ಊರಿಗೆ ತಂದು ಅವ್ವನಿಗೆ ತೋರಿಸಿದೆ. ಅವಳು ಕಡಲು ನೋಡಿದವಳಲ್ಲ. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, "ಪಡಸಾಲಿ ತೊಳದು ಬಿಟ್ಟಾಂಗ ಅದಲ್ಲೋ" ಅಂದಳು. ನನ್ನ ಚಿತ್ರಗಳ ಬಗ್ಗೆ ಬಂದ ಮಾತುಗಳಲ್ಲಿ ಅಷ್ಟು ಸರಿಯಾದದ್ದನ್ನು ನಾನು ಮತ್ತೆ ಕೇಳಿಲ್ಲ.

ನೌಕರಿ ಸಿಕ್ಕಿ ಮೊದಲು ಹೋದದ್ದು ಆಳಂದ ತಾಲೂಕಿಗೆ. ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಗಡಿ ಸೀಮೆ ಅದು. ಶರಣ ಏಕಾಂತದ ರಾಮಯ್ಯನ ಊರು, ಲಾಡ್ಲೆ ಮಶಾಕ ದರ್ಗಾದ ಊರು. ಕೊರಳ್ಳಿಯ ಹತ್ತಿರ ಅಮರ್ಜಾ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ರವಿವಾರ ನಾನು ಆ ಹಿನ್ನೀರಿನ ದಂಡೆಗೆ ಹೋಗಿ ಕೂರುತ್ತಿದ್ದೆ. ಕಪ್ಪು ಕಲ್ಲು, ಅದಕ್ಕೆ ತಾಗಿ ನೀರು, ನೀರಿನಲ್ಲಿ ಬಿಳಿ ಆಕಾಶ. ಮಲ್ಪೆಯಿಂದ ಕಲಿತು ಬಂದ ತಾಳ್ಮೆಯನ್ನು ಇಲ್ಲಿನ ಒಣ ಗಾಳಿಯಲ್ಲಿ ಬಳಸುವುದು ಹೇಗೆಂದು ಅಲ್ಲಿ ಪ್ರಯೋಗ ಮಾಡಿದೆ. ಹಾಳೆಯ ಹಿಂಬದಿಗೂ ನೀರು ಹಚ್ಚಿ, ಒದ್ದೆ ಬಟ್ಟೆಯ ಮೇಲೆ ಇಟ್ಟು ಬರೆದರೆ ಬಣ್ಣ ಸ್ವಲ್ಪ ಹೊತ್ತು ಓಡಾಡುತ್ತದೆ. ಬಿಸಿಲು ಏರುವ ಮೊದಲಿನ ಆ ಸ್ವಲ್ಪ ಹೊತ್ತೇ ನನ್ನ ಶೈಲಿಯನ್ನು ರೂಪಿಸಿತು.

ಶಾಲೆಯ ಮಕ್ಕಳನ್ನು ಬಾವಿಯಿದ್ದ ಒಂದು ತೋಟಕ್ಕೆ ಕರೆದೊಯ್ದು ಕೂರಿಸಿದ್ದೆ. ಅಲ್ಲಿ ಪೇರಲ, ನಿಂಬೆ, ಬಾಳೆ, ಅದರಾಚೆ ಹೂ ಬಿಟ್ಟ ತೊಗರಿ. ಎಲ್ಲರ ಹಾಳೆಯಲ್ಲೂ ಮೊದಲು ಮೂಡಿದ್ದು ಅದೇ ಎರಡು ಗುಡ್ಡ. ಗುಡ್ಡ ಬಿಟ್ಟು ಬರೆಯಿರಿ ಎಂದಾಗ ಒಬ್ಬ ಹುಡುಗ, "ಸರ್, ನಮ್ಮೂರಾಗ ಗುಡ್ಡನೇ ಇಲ್ರಿ, ಅದು ತೆಗದ್ರ ಚಿತ್ರ ಖಾಲಿ ಆಗ್ತದ" ಅಂದ. ಖಾಲಿ ಆಗಲಿ ಬಿಡು, ಆ ಖಾಲಿಗೆ ಯಾವ ಬಣ್ಣ ಇದೆ ನೋಡು ಅಂದೆ. ಅವನು ಬಹಳ ಹೊತ್ತು ಕೂತು ಹಾಳೆಯ ಕೆಳಗೆ ಒಂದು ಅಡ್ಡ ಗೆರೆ ಎಳೆದ, ಉಳಿದದ್ದೆಲ್ಲ ಆಕಾಶ. ಅವನ ಪಕ್ಕದ ಹುಡುಗಿ ತೊಗರಿ ಹೂವಿನ ಹಳದಿಯನ್ನು ಮೊದಲು ಚುಕ್ಕೆ ಚುಕ್ಕೆಯಾಗಿ ಇಟ್ಟು, ಆಮೇಲೆ ಸಂದಿಗಳಲ್ಲಿ ಮಣ್ಣನ್ನು ತುಂಬಿದಳು. ಆ ಹುಡುಗನ ಅಡ್ಡ ಗೆರೆ ಮಲ್ಪೆಯಲ್ಲಿ ನಾನು ಕಂಡ ಗೆರೆಯೇ. ಕಣ್ಣಿಗೆ ಅಡ್ಡ ಬಾರದ ಬಯಲು, ಆಕಾಶ ಬಂದು ನೆಲಕ್ಕೆ ತಾಗುವ ಉದ್ದ ಅಂಚು ನಮ್ಮ ಸೀಮೆಯ ದೊಡ್ಡ ಸಂಪತ್ತು ಎಂಬುದನ್ನು ಆ ಮಕ್ಕಳೇ ನನಗೆ ತೋರಿಸಿಕೊಟ್ಟರು.

ಅಮರ್ಜಾ ಹರಿದು ಹೋಗಿ ಭೀಮೆಯನ್ನು ಕೂಡುವುದು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ. ನನ್ನ ಬದಲಿಯೂ ನದಿಯ ಹಿಂದೆಯೇ ಆ ತಾಲೂಕಿಗೆ ಆಯಿತು. ದತ್ತಾತ್ರೇಯನ ಭಕ್ತರು ದೂರದ ಮಹಾರಾಷ್ಟ್ರದಿಂದ ಬಂದು ಮೀಯುವ ಸಂಗಮ, ಅತ್ತಿ ಮರದ ನೆರಳು, ನದಿಯ ಮೇಲ್ಭಾಗದಲ್ಲಿ ಸೊನ್ನದ ಬ್ಯಾರೇಜು, ಘತ್ತರಗಿಯಲ್ಲಿ ದಡದ ಮೇಲಿನ ಭಾಗ್ಯವಂತಿ ಗುಡಿ. ಬೇಸಿಗೆಯಲ್ಲಿ ಭೀಮೆ ಮರಳು, ಬಂಡೆ, ನಡುವೆ ನಿಂತ ಮಡುಗಳಾಗಿ ಉಳಿಯುತ್ತಾಳೆ. ಆ ಮಡುಗಳನ್ನು ನಾನು ವರ್ಷ ವರ್ಷ ಬರೆದೆ.

2020ರ ಅಕ್ಟೋಬರ್ ಆ ಚಿತ್ರಗಳನ್ನೆಲ್ಲ ಅಳಿಸಿ ಹಾಕಿತು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ 13ರಂದು ಕಾಕಿನಾಡದ ಹತ್ತಿರ ನೆಲ ಹತ್ತಿ, ತೆಲಂಗಾಣ ದಾಟಿ ನಮ್ಮ ಜಿಲ್ಲೆ, ಸೊಲ್ಲಾಪುರದ ಮೇಲೆ ಹಾದು ಹೋಯಿತು. ಮೇಲಿನ ಮಹಾರಾಷ್ಟ್ರದ ಜಲಾಶಯಗಳಿಂದಲೂ ನೀರು ಬಿಟ್ಟರು. ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳು ನೀರಿನೊಳಗೆ ಹೋದವು. ಕಾಳಜಿ ಕೇಂದ್ರದಲ್ಲಿದ್ದ ಒಬ್ಬ ಮುದುಕ, "ಹೊಳಿ ಬರ್ಲಿಲ್ರಿ ಸರ, ಸಮುದ್ರನೇ ಬಂತು" ಅಂದ. ಅವನ ಮಾತು ಅಕ್ಷರಶಃ ಸರಿಯಾಗಿತ್ತು. ಕಡಲಿನ ಮೇಲೆ ಹುಟ್ಟಿದ ಮಳೆಯೇ ಅಷ್ಟು ದೂರ ನೆಲದ ಮೇಲೆ ನಡೆದು ಬಂದು ಅವನ ಬಾಗಿಲಲ್ಲಿ ನಿಂತಿತ್ತು.

ಆ ವಾರಗಳಲ್ಲಿ ನಾನು ಕುಂಚ ಮುಟ್ಟಲಿಲ್ಲ. ನೀರು ಇಳಿದ ಮೇಲೆ ಶಾಲೆಯ ಪುಸ್ತಕಗಳನ್ನು ಹಾಳೆ ಹಾಳೆಯಾಗಿ ಬಿಡಿಸಿ ಫರಸಿಯ ಮೇಲೆ ಒಣಗಿಸಿದೆವು. ಗೋಡೆಗಳ ಮೇಲೆ ಎಲ್ಲ ಮನೆಗೂ ಒಂದೇ ಎತ್ತರದಲ್ಲಿ ಕೆಸರಿನ ಗೆರೆ ನಿಂತಿತ್ತು. ಬೆಳೆ ಕೊಳೆತ ಹೊಲದ ಮೇಲೆ ನದಿ ಬಿಟ್ಟುಹೋದ ಹೂಳು ಬಿರುಕು ಬಿಟ್ಟು ಹೆಂಚಿನ ತುಂಡುಗಳಾಗಿ ಏಳುತ್ತಿತ್ತು. ಅದರಲ್ಲಿ ಒಂದಿಷ್ಟನ್ನು ಮನೆಗೆ ತಂದು ನೀರಲ್ಲಿ ನೆನೆಸಿ, ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ, ಕೆಳಗೆ ಕೂತ ನಯವಾದ ಮಣ್ಣನ್ನು ಮಾತ್ರ ಉಳಿಸಿಕೊಂಡೆ. ಜಾಲಿ ಮರದ ಅಂಟನ್ನು ಬಿಸಿ ನೀರಲ್ಲಿ ಕರಗಿಸಿ ಅದಕ್ಕೆ ಬೆರೆಸಿ ಅರೆದೆ. ಬಣ್ಣವಾಯಿತು. ಒದ್ದೆಯಿದ್ದಾಗ ಗಾಢ, ಆರಿದ ಮೇಲೆ ತಿಳಿ. ಮಹಾಪೂರದ ಚಿತ್ರಗಳನ್ನು ನಾನು ಆ ಮಣ್ಣಿನಿಂದಲೇ ಬರೆದೆ. ಅವುಗಳಲ್ಲಿ ನೀಲಿ ಇಲ್ಲ. ಜನರಿಂದ ಅಷ್ಟು ಕಸಿದುಕೊಂಡ ನೀರನ್ನು ಚೆಂದದ ಬಣ್ಣದಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ದಂಡೆ ಎಂದರೆ ಕೂತು ನೋಡುವ ಜಾಗ ಎಂದುಕೊಂಡಿದ್ದವನಿಗೆ ಅದು ಜನ ಬದುಕುವ, ಕಳೆದುಕೊಳ್ಳುವ, ಮತ್ತೆ ಬಿತ್ತುವ ಜಾಗವಾಗಿ ಕಂಡಿತು. ನನ್ನ ಚಿತ್ರಗಳಲ್ಲಿ ಮನುಷ್ಯರು ಬರತೊಡಗಿದ್ದು ಅಲ್ಲಿಂದ ಮುಂದೆ.

ಅದಾದ ಮೇಲೆ ಜೇವರ್ಗಿಗೆ ಬದಲಿ ಸಿಕ್ಕಿತು. ಸ್ವಲ್ಪ ದಿನಗಳಲ್ಲೇ ಅವ್ವ ಹೋದಳು. ಅವಳ ಹಿತ್ತಲು ದೊಡ್ಡದೇನಲ್ಲ. ದಾಸವಾಳ, ಕಣಗಲ, ಅಬ್ಬಲಿಗೆ, ಕರಿಬೇವು, ಒಂದು ನುಗ್ಗೆ, ಬಚ್ಚಲ ನೀರು ಹರಿದು ಹೋಗುವಲ್ಲಿ ಎರಡು ಬಾಳೆ. ಪಾತ್ರೆ ತೊಳೆದ ನೀರು ಯಾವ ಗಿಡಕ್ಕೆ, ಅಕ್ಕಿ ತೊಳೆದ ನೀರು ಯಾವ ಗಿಡಕ್ಕೆ ಎಂಬ ಲೆಕ್ಕ ಅವಳ ತಲೆಯಲ್ಲಿತ್ತು. ಆ ಬೇಸಿಗೆ ಅಬ್ಬಲಿಗೆ ಮೊದಲು ಒಣಗಿತು, ಆಮೇಲೆ ಬಾಳೆ. ನಾನೂ ನೀರು ಹಾಕುತ್ತಿದ್ದೆ, ಆದರೆ ಅವಳ ಲೆಕ್ಕ ನನಗೆ ಗೊತ್ತಿರಲಿಲ್ಲ.

ಆಗ ನನಗೆ ಆಸರೆಯಾದವರು ಇಬ್ಬರು ಚಿತ್ರಕಾರರು. ಒಬ್ಬರು ರುಮಾಲೆ ಚನ್ನಬಸವಯ್ಯ. 1910ರಲ್ಲಿ ಹುಟ್ಟಿ, ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚ ಕೆಳಗಿಟ್ಟು, ಪತ್ರಿಕೆ, ಸಾರ್ವಜನಿಕ ಕೆಲಸಗಳಲ್ಲಿ ವರ್ಷಗಟ್ಟಲೆ ಕಳೆದು, ಐವತ್ತು ದಾಟಿದ ಮೇಲೆ ಮತ್ತೆ ಚಿತ್ರಕ್ಕೆ ಮರಳಿದವರು. ಬೆಂಗಳೂರಿನ ಉದ್ಯಾನಗಳಲ್ಲಿ, ರಸ್ತೆಬದಿಯಲ್ಲಿ ಕ್ಯಾನ್ವಾಸ್ ನಿಲ್ಲಿಸಿಕೊಂಡು ಹೂ ತುಂಬಿದ ಮರಗಳನ್ನು ಬರೆದರು. ಅಷ್ಟು ವರ್ಷ ಒಳಗೆ ತಡೆಹಿಡಿದ ಬಣ್ಣವೆಲ್ಲ ಆ ಮರಗಳಲ್ಲಿ ಒಮ್ಮೆಗೆ ಅರಳಿದೆ. ಇನ್ನೊಬ್ಬ ಫ್ರಾನ್ಸಿನ ಕ್ಲೋದ್ ಮೊನೆ. 1883ರಿಂದ ಝಿವರ್ನಿ ಎಂಬ ಹಳ್ಳಿಯಲ್ಲಿ ನೆಲೆಸಿ, ತಾನೇ ತೋಟ ಮಾಡಿ, ಕೊಳ ತೋಡಿಸಿ, ಅದರ ನೈದಿಲೆಗಳನ್ನು ಕೊನೆಯವರೆಗೆ ಬರೆದ. ಕಣ್ಣಿಗೆ ಪೊರೆ ಬಂದಾಗ ಅವನ ಕೊಳ ಕೆಂಪು, ಕಂದಿಗೆ ತಿರುಗಿತು. 1923ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ನೀಲಿ ಮರಳಿತು. ಕೊಳ ಅದೇ, ನೋಡುವ ಕಣ್ಣು ಬೇರೆ. ತೋಟದ ಚಿತ್ರದಲ್ಲಿ ತೋಟದಷ್ಟೇ ನೋಡುವವನೂ ಇರುತ್ತಾನೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ನನಗೆ ಗೊತ್ತಿಲ್ಲ.

ಅವ್ವನ ಹಿತ್ತಲನ್ನು ನೆನಪಿನಿಂದ ಬರೆಯಲು ಕೂತೆ. ಮೊದಲ ಚಿತ್ರಗಳಲ್ಲಿ ಎಲೆ ಎಲೆಯನ್ನೂ ಬಿಡಿಸಿದ್ದೇನೆ. ಯಾವುದನ್ನೂ ಬಿಟ್ಟುಕೊಡಬಾರದು ಎಂಬ ಹಟ ಅವುಗಳಲ್ಲಿ ಎದ್ದು ಕಾಣುತ್ತದೆ. ಮರುವರ್ಷದವುಗಳಲ್ಲಿ ಗಿಡಗಳು ಬಣ್ಣದ ಗುಂಪುಗಳಾಗಿವೆ. ಈಚಿನವುಗಳಲ್ಲಿ ಗಿಡವೂ ಹಿಂದೆ ಸರಿದಿದೆ. ಮುಂದೆ ಇರುವುದು ಬೂದಿ ಫರಸಿ, ಅದರಾಚೆ ಎರೆಮಣ್ಣು, ಬುಡದಲ್ಲಿ ಈಗಷ್ಟೇ ನೀರು ಬಿದ್ದ ಗುರುತು. ಆ ತೇವಕ್ಕೆ ನಾನು ಬಳಸುವುದು ಮಲ್ಪೆಯ ಮರಳಿಗೆ ಬಳಸಿದ ಅಲ್ಟ್ರಾಮರೀನ್, ಕಲಬುರಗಿಯ ಗುರುಗಳು ಹೇಳಿಕೊಟ್ಟ ಅಂಬರ್, ಭೀಮೆಯ ಹೂಳು. ದುಃಖ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಹಟವಾಗಿ ಶುರುವಾಗಿ, ಅವಳು ಹಾಕಿದ ನೀರನ್ನಷ್ಟೇ ನೆನೆಯುವ ಕೃತಜ್ಞತೆಯಾಗಿ ತಿಳಿಯಾಯಿತು. ಇದು ನನಗೆ ಗೊತ್ತಾದದ್ದು ಚಿತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿದಾಗ. ಒಳಗೆ ನಡೆದ ಬದಲಾವಣೆಯನ್ನು ಮನಸ್ಸಿಗಿಂತ ಮೊದಲು ಕೈ ದಾಖಲಿಸಿತ್ತು.

ಅದಕ್ಕೇ ಈಗ ನನ್ನ ತರಗತಿಯ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮದೆನ್ನುವ ಒಂದು ಜಾಗ ಆರಿಸಿಕೊಳ್ಳಿ. ಹೊಲದ ಬದು, ಹೊಳೆಯ ದಂಡೆ, ಅಜ್ಜಿಯ ಹಿತ್ತಲು, ಬಸ್ ನಿಲ್ಲುವ ಬೇವಿನ ಕಟ್ಟೆ, ಯಾವುದಾದರೂ ಸರಿ. ಅದನ್ನು ಪ್ರತಿ ವರ್ಷ ಒಮ್ಮೆ ಬರೆಯಿರಿ, ಹಾಳೆಯ ಹಿಂದೆ ತಾರೀಖು ಹಾಕಿ, ಹರಿಯಬೇಡಿ. ಕಡಲು ನೋಡುವ ಯೋಗ ಬಂದರೆ ಹೋಗಿ ನೋಡಿ, ಹೆಬ್ಬಾರರನ್ನು ನೋಡಿ, ರುಮಾಲೆಯವರನ್ನು ನೋಡಿ, ನಮ್ಮ ಪಂಡಿತರನ್ನು ನೋಡಿ. ಅವರಿಂದ ಕಣ್ಣು ಪಡೆದುಕೊಳ್ಳಿ, ಗುಡ್ಡವನ್ನೂ ತೆಂಗಿನ ಮರವನ್ನೂ ಪಡೆಯಬೇಡಿ. ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಡುವ ಶಾಲೆಗಳಿಗೂ ನನ್ನದೊಂದು ಬೇಡಿಕೆ: ವಾರಕ್ಕೆ ಆ ಒಂದು ಪೀರಿಯಡ್ ಉಳಿಸಿ, ಮಕ್ಕಳನ್ನು ಗೋಡೆಯ ಹೊರಗೆ ಕೂರಿಸಿ. ತನ್ನ ನೆಲದ ಬಣ್ಣವನ್ನು ತಾನೇ ಕಲಸಿ ಕಂಡುಕೊಂಡ ಮಗು ಆ ನೆಲವನ್ನು ಬರಡೆಂದು ಕರೆಯುವುದಿಲ್ಲ, ಅಲ್ಲಿ ಹುಟ್ಟಿದ್ದಕ್ಕೆ ತಲೆ ತಗ್ಗಿಸುವುದೂ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ಇಷ್ಟನ್ನು ಕೊಡುವುದಕ್ಕೆ ನಮಗೆ ಬೇಕಾಗುವುದು ಎರಡು ಟ್ಯೂಬು ಬಣ್ಣ, ಒಂದು ಹಾಳೆ, ಒಂದು ಗಂಟೆ.